ಮಲೆನಾಡಿನ ಮನೆಗೆ ಜನರೇಟರ್: ಆಯ್ಕೆಯಿಂದ ಅಳವಡಿಕೆಯವರೆಗೆ

ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸ, ಸಕಲೇಶಪುರದ ಕಡೆಯ ಮನೆಗಳಲ್ಲಿ ಮಳೆಗಾಲದ ಕರೆಂಟ್ ಕಡಿತವು ಪೇಟೆಯ ಅರ್ಧ ಗಂಟೆಯ ಕಡಿತದಂತಲ್ಲ. ಆರಿದ್ರಾ, ಪುನರ್ವಸು ಮಳೆಯ ಗಾಳಿಗೆ ತೋಟದೊಳಗಿನ ಸಿಲ್ವರ್ ಓಕ್ ಮುರಿದು 11 ಕೆವಿ ಮಾರ್ಗದ ಮೇಲೆ ಬಿತ್ತೆಂದರೆ, ಮರ ತೆರವುಗೊಳಿಸಿ, ಕಂಬ ನಿಲ್ಲಿಸಿ, ತಂತಿ ಎಳೆದು ಮತ್ತೆ ಚಾರ್ಜ್ ಮಾಡುವವರೆಗೆ ಒಂದು ಹಗಲು, ಕೆಲವೊಮ್ಮೆ ನಾಲ್ಕೈದು ದಿನಗಳೇ ಕಳೆಯುತ್ತವೆ. ಇಷ್ಟು ದೀರ್ಘ ಕಡಿತವನ್ನು ಇನ್ವರ್ಟರ್ ಒಂದರಿಂದಲೇ ದಾಟಲಾಗುವುದಿಲ್ಲ. ಆದ್ದರಿಂದ ಜನರೇಟರ್ ಕೊಳ್ಳುವ ಯೋಚನೆ ಸಹಜವಾಗಿಯೇ ಬರುತ್ತದೆ.

ಆದರೆ ಹೆಚ್ಚಿನವರು ಯಂತ್ರಕ್ಕೆ ದೊಡ್ಡ ಮೊತ್ತ ಕೊಟ್ಟು, ಅದನ್ನು ಮನೆಯ ವೈರಿಂಗ್‌ಗೆ ಜೋಡಿಸುವ ಕೆಲಸಕ್ಕೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಇದು ತಲೆಕೆಳಗಾದ ಕ್ರಮ. ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್, ಅರ್ಥಿಂಗ್, ಯಂತ್ರ ಕೂರಿಸುವ ಜಾಗ, ಈ ಮೂರು ಸರಿಯಾಗಿದ್ದರೆ ಸಾಧಾರಣ ಜನರೇಟರ್ ಕೂಡ ವರ್ಷಗಟ್ಟಲೆ ನೆಮ್ಮದಿಯಿಂದ ನಡೆಯುತ್ತದೆ. ಇವು ತಪ್ಪಿದರೆ ಎಷ್ಟು ಒಳ್ಳೆಯ ಯಂತ್ರವಾದರೂ ಜೀವಕ್ಕೆ ಅಪಾಯ ತರುತ್ತದೆ.

ಮೊದಲ ಹೆಜ್ಜೆ: ಯಾವುದು ನಡೆಯಲೇಬೇಕು?

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮನೆಯ ಉಪಕರಣಗಳನ್ನೂ ಅವು ಎಳೆಯುವ ವ್ಯಾಟ್‌ಗಳನ್ನೂ ಬರೆದುಕೊಳ್ಳಬೇಕು. ಬಹುತೇಕ ಉಪಕರಣಗಳ ಹಿಂಬದಿಯ ಫಲಕದಲ್ಲಿ ಈ ಅಂಕಿ ಇರುತ್ತದೆ. ಕರೆಂಟ್ ಇಲ್ಲದಿದ್ದಾಗಲೂ ನಡೆಯಲೇಬೇಕಾದವು ಮತ್ತು ಇಲ್ಲದೆಯೂ ಸಾಗುವವು ಎಂದು ಎರಡು ಪಾಲು ಮಾಡುವುದೇ ಇಲ್ಲಿನ ಮುಖ್ಯ ಕೆಲಸ. 2000 ವ್ಯಾಟ್ ಎಳೆಯುವ ಗೀಸರ್ ಮತ್ತು ಇಂಡಕ್ಷನ್ ಒಲೆ ಎರಡನೆಯ ಪಾಲಿಗೆ ಸೇರಬೇಕು. ಬಚ್ಚಲಿನಲ್ಲಿ ಸೌದೆ ಉರಿಸುವ ಹಂಡೆ ಇನ್ನೂ ಇರುವ ಮನೆಗಳಿಗೆ ಗೀಸರ್ ಬಿಡುವುದು ಕಷ್ಟವೇನಲ್ಲ.

ಒಂದು ಉದಾಹರಣೆ ನೋಡೋಣ. 9 ವ್ಯಾಟ್‌ನ ಹನ್ನೆರಡು ಎಲ್‌ಇಡಿ ಬಲ್ಬುಗಳಿಗೆ 108, ನಾಲ್ಕು ಸಾಮಾನ್ಯ ಫ್ಯಾನ್‌ಗಳಿಗೆ 300, ಫ್ರಿಜ್‌ಗೆ 150, ಟಿವಿಗೆ 100, ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜಿಂಗ್‌ಗೆ 100, ವೈಫೈ ರೂಟರ್‌ಗೆ 15, ಎಲ್ಲ ಕೂಡಿ 773 ವ್ಯಾಟ್ ಆಗುತ್ತದೆ. ಬೆಳಿಗ್ಗೆ ಚಟ್ನಿಗೆ 750 ವ್ಯಾಟ್‌ನ ಮಿಕ್ಸಿ ಹಾಕಿದರೆ ಒಟ್ಟು 1500 ದಾಟುತ್ತದೆ. ಅಲ್ಲಿಗೆ ನಿಂತರೆ 2.5 ಕೆವಿಎ (ಜನರೇಟರಿನ ಸಾಮರ್ಥ್ಯ ಹೇಳುವ ಅಳತೆ) ಸಾಮರ್ಥ್ಯದ ಸಣ್ಣ ಯಂತ್ರ ಸಾಕು.

ಲೆಕ್ಕ ಬದಲಾಗುವುದು ನೀರಿನ ಪಂಪಿನಿಂದ. 1 ಎಚ್‌ಪಿ ಎಂದರೆ 746 ವ್ಯಾಟ್ ಎಂಬುದು ಮೋಟರ್ ಹೊರಕ್ಕೆ ಕೊಡುವ ಶಕ್ತಿಯ ಅಳತೆ. ಅದು ಒಳಕ್ಕೆ ಎಳೆಯುವುದು ಸುಮಾರು 1100 ವ್ಯಾಟ್. ಅದಕ್ಕಿಂತ ಮುಖ್ಯವಾಗಿ, ಮೋಟರ್ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಕರೆಂಟ್‌ನ ನಾಲ್ಕೈದು ಪಟ್ಟು ಎಳೆಯುತ್ತದೆ. ಆ ಒಂದೆರಡು ಸೆಕೆಂಡ್‌ಗಳನ್ನು ತಾಳಿಕೊಳ್ಳಲಾಗದ ಜನರೇಟರ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಮೋಟರ್ ಗುಂಯ್‌ಗುಟ್ಟುತ್ತಾ ನಿಂತು ಬಿಸಿಯಾಗುತ್ತದೆ. ಆದ್ದರಿಂದ ಸಿಂಗಲ್ ಫೇಸ್ ಪಂಪಿಗೆ ಪ್ರತಿ ಎಚ್‌ಪಿಗೆ ಸುಮಾರು 3 ಕೆವಿಎ ಮೀಸಲಿಟ್ಟು, ಉಳಿದ ಹೊರೆಯನ್ನು ಅದಕ್ಕೆ ಕೂಡಿಸುವುದು ಸುರಕ್ಷಿತ ಲೆಕ್ಕ. ಮೇಲಿನ ಮನೆಗೆ 1 ಎಚ್‌ಪಿ ಪಂಪ್ ಸೇರಿದ ಕೂಡಲೇ ಬೇಕಾದ ಯಂತ್ರ 5 ಕೆವಿಎಗೆ ಏರುತ್ತದೆ. ಒಂದೇ ಒಂದು ಪಂಪಿಗಾಗಿ ಯಂತ್ರದ ಗಾತ್ರ ಇಮ್ಮಡಿಯಾಗುತ್ತದೆ.

ಇಲ್ಲಿ ತುಸು ನಿಂತು ಯೋಚಿಸುವುದು ಒಳ್ಳೆಯದು. ಗುಡ್ಡದ ಒರತೆಯಿಂದ ಪೈಪಿನ ಮೂಲಕ ತಾನಾಗಿ ನೀರು ಹರಿದುಬರುವ ಮನೆಗೆ ಪಂಪಿನ ಚಿಂತೆಯೇ ಇಲ್ಲ. ಇನ್ನೂ 2000 ಲೀಟರ್‌ನ ಒಂದು ಟ್ಯಾಂಕ್ ಏರಿಸಿದರೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಎರಡು ಮೂರು ದಿನ ದಾಟಬಹುದಾದ ಸಣ್ಣ ಕುಟುಂಬಗಳೂ ಇವೆ. ಅಂಥವರು ದೊಡ್ಡ ಜನರೇಟರ್‌ಗೆ ಹಾಕುವ ಹಣವನ್ನು ಟ್ಯಾಂಕಿಗೆ ಹಾಕುವುದೇ ಜಾಣತನ. ಆಳದ ಬೋರ್‌ವೆಲ್ ಒಂದನ್ನೇ ನಂಬಿರುವವರಿಗೆ, ಕೊಟ್ಟಿಗೆಯಲ್ಲಿ ದನಕರು ಇರುವವರಿಗೆ ಈ ದಾರಿ ಇಲ್ಲ. ಅವರು ಪಂಪನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ತೋಟದ ಮೂರು ಫೇಸ್ ಪಂಪ್‌ಸೆಟ್‌ನ ವಿಷಯ ಬೇರೆ. ಹೂಮಳೆ ಕೈಕೊಟ್ಟಾಗ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವ ದೊಡ್ಡ ಮೋಟರನ್ನು ಮನೆಯ ಜನರೇಟರಿನ ಲೆಕ್ಕದೊಳಗೆ ತಂದರೆ ಎರಡೂ ಕೆಡುತ್ತವೆ. ಅದಕ್ಕೆ ಪ್ರತ್ಯೇಕ ಡೀಸೆಲ್ ಯಂತ್ರವನ್ನೇ ಇಡಬೇಕು.

ಎತ್ತರದ ಲೆಕ್ಕ

ಜನರೇಟರಿನ ಎಂಜಿನ್ ಉಸಿರಾಡುವುದು ಸುತ್ತಲಿನ ಗಾಳಿಯನ್ನು, ಎತ್ತರಕ್ಕೆ ಹೋದಂತೆ ಆ ಗಾಳಿ ತೆಳುವಾಗುತ್ತದೆ. ಸಾಮಾನ್ಯ ಕಾರ್ಬುರೇಟರ್ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 3.5 ಪ್ರತಿಶತ ಶಕ್ತಿ ಕಳೆದುಕೊಳ್ಳುತ್ತದೆ. ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,000 ಮೀಟರಿಗಿಂತ ಮೇಲಿದೆ, ಹಾಸನವೂ ಹೆಚ್ಚು ಕೆಳಗಿಲ್ಲ, ಬಾಬಾಬುಡನ್‌ಗಿರಿ ಸಾಲಿನ ತೋಟಗಳು ಇನ್ನೂ ಎತ್ತರದಲ್ಲಿವೆ. ಆದ್ದರಿಂದ ಫಲಕದ ಮೇಲಿನ ಅಂಕಿಯಿಂದ ಸುಮಾರು ಹತ್ತನೆಯ ಒಂದು ಭಾಗ ಕಳೆದು ಲೆಕ್ಕ ಹಾಕಬೇಕು. ಡೀಸೆಲ್ ಯಂತ್ರಗಳ ಕೈಪಿಡಿಯಲ್ಲಿ ಎಷ್ಟು ಎತ್ತರದವರೆಗೆ ಪೂರ್ಣ ಸಾಮರ್ಥ್ಯ ಸಿಗುತ್ತದೆ ಎಂಬುದನ್ನು ಬರೆದಿರುತ್ತಾರೆ, ಅದನ್ನು ಓದಿ ನೋಡಬೇಕು.

ಕೆವಿಎ ಮತ್ತು ಕಿಲೋವ್ಯಾಟ್ ಒಂದೇ ಅಲ್ಲವೆಂಬುದೂ ನೆನಪಿರಲಿ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು) 0.8 ಎಂದು ಬರೆದ 5 ಕೆವಿಎ ಯಂತ್ರ ಕೊಡುವುದು 4 ಕಿಲೋವ್ಯಾಟ್ ಮಾತ್ರ. ಹಾಗೆಯೇ ಗರಿಷ್ಠ ಸಾಮರ್ಥ್ಯ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಬಿಟ್ಟು, ನಿರಂತರವಾಗಿ ಕೊಡುವ ಸಾಮರ್ಥ್ಯ ಎಷ್ಟೆಂದು ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಇರಲಿ ಎಂದು ಬಹಳ ದೊಡ್ಡ ಯಂತ್ರ ತರುವುದು ಸರಿಯಲ್ಲ. ಡೀಸೆಲ್ ಎಂಜಿನ್ ತನ್ನ ಸಾಮರ್ಥ್ಯದ 30 ಪ್ರತಿಶತಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಇಂಧನ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲೂ ಇಂಜೆಕ್ಟರ್‌ನಲ್ಲೂ ಮಸಿ ಕಟ್ಟುತ್ತದೆ. ಸಾಮಾನ್ಯ ಬಳಕೆಯ ಹೊರೆ ಸಾಮರ್ಥ್ಯದ ಅರ್ಧದಿಂದ ಮುಕ್ಕಾಲರ ನಡುವೆ ಇದ್ದರೆ ಉತ್ತಮ.

ಪೆಟ್ರೋಲೋ, ಡೀಸೆಲ್ಲೋ?

3 ಕೆವಿಎವರೆಗಿನ ಅಗತ್ಯಕ್ಕೆ, ವರ್ಷದಲ್ಲಿ ಕೆಲವೇ ವಾರ ಬಳಸುವುದಾದರೆ ಪೆಟ್ರೋಲ್ ಯಂತ್ರ ಸೂಕ್ತ. ಅದು ಹಗುರ, ಬೆಲೆಯೂ ಕಡಿಮೆ. ಲ್ಯಾಪ್‌ಟಾಪ್‌ನಂಥ ಸೂಕ್ಷ್ಮ ಉಪಕರಣಗಳೇ ಹೆಚ್ಚಿರುವ ಮನೆಗೆ ಇನ್ವರ್ಟರ್ ಮಾದರಿಯ ಪೆಟ್ರೋಲ್ ಜನರೇಟರ್ ಹೊಂದುತ್ತದೆ. ಅದರ ವಿದ್ಯುತ್ತಿನ ಅಲೆ ಶುದ್ಧ, ಹೊರೆ ಕಡಿಮೆಯಾದಾಗ ಎಂಜಿನ್ನಿನ ವೇಗವೂ ತಗ್ಗಿ ಇಂಧನ ಉಳಿಯುತ್ತದೆ. 5 ಕೆವಿಎ ಮೇಲೆ, ದಿನಕ್ಕೆ ಹಲವು ಗಂಟೆ ಓಡಿಸುವ ಮನೆ ಅಥವಾ ಹೋಮ್‌ಸ್ಟೇಗೆ ಡೀಸೆಲ್ಲೇ ಸರಿ, ಒಂದು ಯೂನಿಟ್ ಕರೆಂಟಿಗೆ ಅದು ಕುಡಿಯುವ ಇಂಧನ ಪೆಟ್ರೋಲಿಗಿಂತ ಸಾಕಷ್ಟು ಕಡಿಮೆ.

ಇಂಧನದ ದಾಸ್ತಾನನ್ನೂ ಈಗಲೇ ಯೋಚಿಸಬೇಕು, ಏಕೆಂದರೆ ಮರ ಬಿದ್ದು ಕರೆಂಟ್ ಹೋದ ದಿನವೇ ರಸ್ತೆಯೂ ಮುಚ್ಚಿರುವ ಸಾಧ್ಯತೆ ಹೆಚ್ಚು. 2 ಕೆವಿಎ ಪೆಟ್ರೋಲ್ ಯಂತ್ರ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆಂದು ಹಿಡಿದರೆ, ದಿನಕ್ಕೆ ಐದು ಗಂಟೆಯಂತೆ ನಾಲ್ಕು ದಿನಕ್ಕೆ 20 ಲೀಟರ್ ಬೇಕು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು, ಡೀಸೆಲ್‌ಗೆ ಈ ಮಿತಿ ಇನ್ನೂ ಬಹಳ ಹೆಚ್ಚು. ಮುಚ್ಚಳ ಬಿಗಿಯಾದ ಲೋಹದ ಕ್ಯಾನಿನಲ್ಲಿ, ಮನೆಯಿಂದಲೂ ಸೌದೆ ಕೊಟ್ಟಿಗೆಯಿಂದಲೂ ದೂರವಾಗಿ ಇಡಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಲೆನಾಡಿನ ಹವೆಯಲ್ಲಿ ಅದು ಬೇಗ ಕೆಡುತ್ತದೆ. ತಿಂಗಳೊಳಗೆ ಖರ್ಚಾಗದ ಪೆಟ್ರೋಲನ್ನು ಬೈಕಿಗೋ ಜೀಪಿಗೋ ಸುರಿದು ಹೊಸದನ್ನು ತಂದಿಡುವುದು ಲೇಸು.

ಡೀಸೆಲ್ ಯಂತ್ರ ಕೊಳ್ಳುವಾಗ ಮಾಲಿನ್ಯ ನಿಯಂತ್ರಣದ ಪ್ರಮಾಣಪತ್ರವನ್ನು ಕೇಳಬೇಕು. 2023ರ ಜುಲೈ 1ರಿಂದ ಹೊಸ ಜನರೇಟರ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾಲ್ಕನೆಯ ಹಂತದ ಹೊಗೆ ಮಾನದಂಡ ಜಾರಿಯಲ್ಲಿದೆ. ಶಬ್ದ ತಡೆಯುವ ಪೆಟ್ಟಿಗೆಯೊಂದಿಗೆ ಬರುವ ಡೀಸೆಲ್ ಯಂತ್ರ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುವುದರಿಂದ, 8 ಮೀಟರ್ ಆಚೆ ಅದು 57ರ ಆಸುಪಾಸಿಗೆ ಬರುತ್ತದೆ. ಕೊನೆಯದಾಗಿ, ಊರಿನವರೆಗೆ ಬಂದು ರಿಪೇರಿ ಮಾಡಿಕೊಡುವ ಮೆಕ್ಯಾನಿಕ್ ಯಾವ ಕಂಪನಿಗೆ ಇದ್ದಾನೆ ಎಂಬುದನ್ನು ವಿಚಾರಿಸಿಯೇ ಕೊಳ್ಳಬೇಕು. ಎರಡು ಯಂತ್ರಗಳ ನಡುವೆ ಆಯ್ಕೆ ಕಷ್ಟವಾದಾಗ ನಾನು ಇದೊಂದನ್ನೇ ನಿರ್ಣಾಯಕವೆಂದು ಹಿಡಿಯುತ್ತೇನೆ.

ಎಲ್ಲಿ ಕೂರಿಸಬೇಕು

ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಜಗಲಿಯ ಮೂಲೆಯಲ್ಲಿ, ಕಾರ್ ಶೆಡ್ಡಿನಲ್ಲಿ, ಕೊಟ್ಟಿಗೆಯಲ್ಲಿ ಇಡುವ ರೂಢಿ ನಮ್ಮ ಕಡೆ ಇದೆ. ಇದನ್ನು ಬಿಡಲೇಬೇಕು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿ, ಮಲಗಿದವರನ್ನು ಎಚ್ಚರವಾಗಲು ಬಿಡದೆಯೇ ಕೊಲ್ಲುತ್ತದೆ. ಮಳೆಗಾಲದ ರಾತ್ರಿ ಕಿಟಕಿಗಳೆಲ್ಲ ಮುಚ್ಚಿರುವ ಮನೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರವಿರಲಿ, ಹೊಗೆಕೊಳವೆಯ ಬಾಯಿ ಮನೆಗೆ ಬೆನ್ನು ಮಾಡಿರಲಿ. ಕೊಟ್ಟಿಗೆಯಲ್ಲಾದರೆ ದನಗಳ ಉಸಿರೂ ಕಟ್ಟುತ್ತದೆ, ಬಿಸಿ ಸೈಲೆನ್ಸರ್‌ನಿಂದ ಹುಲ್ಲಿಗೆ ಬೆಂಕಿ ಹತ್ತುವ ಭಯವೂ ಇದೆ.

ಗಾಳಿಯ ದಿಕ್ಕು ಇನ್ನೊಂದು ವಿಷಯ. ನಮ್ಮ ಮುಂಗಾರು ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ, ಯಂತ್ರ ಹೆಚ್ಚಾಗಿ ಓಡುವುದೂ ಆ ದಿನಗಳಲ್ಲೇ. ಮನೆಯ ಪಶ್ಚಿಮಕ್ಕೆ ಯಂತ್ರವಿಟ್ಟರೆ ಹೊಗೆ ನೇರವಾಗಿ ಮನೆಯತ್ತ ಬರುತ್ತದೆ, ಆದ್ದರಿಂದ ಪೂರ್ವ ಅಥವಾ ಈಶಾನ್ಯದ ಬದಿ ಮೇಲು. ಮೇಲೆ ಒಣಗಿದ ಕೊಂಬೆ ಇರುವ ಮರಗಳಿರಬಾರದು. ನೆಲದಿಂದ ಅರ್ಧ ಅಡಿ ಎತ್ತರದ ಮಟ್ಟವಾದ ಕಾಂಕ್ರೀಟ್ ಕಟ್ಟೆ ಹಾಕಿ, ನಾಲ್ಕೂ ಬದಿ ತೆರೆದ, ಗಾಳಿಗೆ ಬಲವಾಗಿ ಬಿಗಿದ ಶೀಟಿನ ಮಾಡು ಕಟ್ಟಿ, ಇರಿಚಲು ಬಡಿಯದಷ್ಟು ಮುಂಚಾಚು ಬಿಡಬೇಕು.

ಚೇಂಜ್‌ಓವರ್ ಸ್ವಿಚ್: ಇದರಲ್ಲಿ ರಾಜಿ ಇಲ್ಲ

ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್‌ಗೆ ನೂಕಿ ಮನೆ ಬೆಳಗಿಸುವವರಿದ್ದಾರೆ. ಮೇನ್ ಸ್ವಿಚ್ ಇಳಿಸಲು ಒಂದು ಸಲ ಮರೆತರೂ ಆ ಕರೆಂಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ತಲುಪುತ್ತದೆ. 11,000 ವೋಲ್ಟನ್ನು ನಮ್ಮ ಮನೆಗೆ ಇಳಿಸಿಕೊಡುವ ಅದೇ ಟಿಸಿ ಹಿಮ್ಮುಖವಾಗಿ 230 ವೋಲ್ಟನ್ನು ಮೇಲಕ್ಕೇರಿಸುತ್ತದೆ. ಸತ್ತ ಲೈನೆಂದು ತಿಳಿದು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ಸಿಗುವುದು ಆ ವಿದ್ಯುತ್ತು. ನಮ್ಮ ಮನೆಗೆ ಕರೆಂಟ್ ಕೊಡಲೆಂದು ಬಂದ ಮನುಷ್ಯನ ಪ್ರಾಣ ನಮ್ಮ ಮನೆಯ ಒಂದು ತುಂಡು ವೈರಿನಿಂದ ಹೋಗಬಾರದು.

ಚೇಂಜ್‌ಓವರ್ ಸ್ವಿಚ್‌ನ ಕೆಲಸವೇ ಇದನ್ನು ತಡೆಯುವುದು. ಒಂದು ಬದಿ ಮೆಸ್ಕಾಂ ಅಥವಾ ಸೆಸ್ಕ್ ಲೈನು, ಇನ್ನೊಂದು ಬದಿ ಜನರೇಟರ್, ನಡುವೆ ಆಫ್. ಒಂದು ಸೇರಬೇಕಾದರೆ ಇನ್ನೊಂದು ಬಿಟ್ಟಿರಲೇಬೇಕೆಂಬಂತೆ ಅದರ ರಚನೆಯೇ ಇರುತ್ತದೆ, ಮನುಷ್ಯನ ನೆನಪನ್ನು ನಂಬಬೇಕಾಗಿಲ್ಲ. ಸಿಂಗಲ್ ಫೇಸ್‌ಗೆ ಎರಡು ಪೋಲ್, ಮೂರು ಫೇಸ್‌ಗೆ ನಾಲ್ಕು ಪೋಲ್‌ನದು ಬೇಕು, ಅಂದರೆ ಫೇಸ್‌ನೊಂದಿಗೆ ನ್ಯೂಟ್ರಲ್ ಕೂಡ ಬದಲಾಗಬೇಕು.

ಮೂರು ಫೇಸ್ ಸಂಪರ್ಕವಿರುವ ದೊಡ್ಡ ಮನೆಗೆ ಸಿಂಗಲ್ ಫೇಸ್ ಜನರೇಟರ್ ತಂದರೆ, ಇಡೀ ಮನೆಗೆ ಅದನ್ನು ಹಂಚುವ ಬದಲು ಅಗತ್ಯದ ಸರ್ಕ್ಯೂಟ್‌ಗಳನ್ನು ಮಾತ್ರ ಬೇರ್ಪಡಿಸಿ ಸಣ್ಣ ಡಿಬಿ ಪೆಟ್ಟಿಗೆಯೊಂದಕ್ಕೆ (ಸರ್ಕ್ಯೂಟ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ತಂದು, ಅದರ ಮುಂದೆ ಎರಡು ಪೋಲ್‌ನ ಸ್ವಿಚ್ ಕೂರಿಸುವುದು ಅಚ್ಚುಕಟ್ಟಾದ ವಿಧಾನ. ಆ ಸರ್ಕ್ಯೂಟ್‌ಗಳ ನ್ಯೂಟ್ರಲ್ ಕೂಡ ಪ್ರತ್ಯೇಕವಾಗಲೇಬೇಕು. ಹಳೆಯ ತೊಟ್ಟಿಮನೆಗಳಲ್ಲಿ ಹತ್ತಾರು ವರ್ಷಗಳಿಂದ ಒಂದಕ್ಕೊಂದು ಸೇರಿಹೋದ ನ್ಯೂಟ್ರಲ್‌ಗಳನ್ನು ಬಿಡಿಸಲು ಎಲೆಕ್ಟ್ರಿಷಿಯನ್‌ಗೆ ಒಂದೆರಡು ದಿನ ಹಿಡಿಯಬಹುದು, ಆ ಕೂಲಿಯನ್ನು ಸಂತೋಷದಿಂದ ಕೊಡಬೇಕು.

ತಾನಾಗಿಯೇ ಯಂತ್ರ ಚಾಲೂ ಮಾಡಿ ಲೈನ್ ಬದಲಿಸುವ ಪ್ಯಾನೆಲ್‌ಗಳೂ ಸಿಗುತ್ತವೆ. ವಯಸ್ಸಾದವರು ಮಾತ್ರ ಇರುವ ಮನೆಗೆ, ಆಮ್ಲಜನಕದ ಕಾನ್ಸಂಟ್ರೇಟರ್ ಬಳಸುವ ರೋಗಿಯಿರುವ ಮನೆಗೆ ಅವು ನಿಜಕ್ಕೂ ಅಗತ್ಯ. ಉಳಿದವರಿಗೆ ಕೈಯಿಂದ ತಿರುಗಿಸುವ ಸ್ವಿಚ್ ಸಾಕು.

ಅರ್ಥಿಂಗ್, ಕೇಬಲ್, ಆರ್‌ಸಿಸಿಬಿ

ಜನರೇಟರಿನ ಮೈಗೆ ಪ್ರತ್ಯೇಕ ಅರ್ಥ್ ಬೇಕು. ಸುಮಾರು 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ನೆಲಕ್ಕಿಳಿಸಿ ಮಾಡುವ ಗುಂಡಿ ಬಹುಕಾಲದ ರೂಢಿ. ಮಳೆಗಾಲದಲ್ಲಿ ನಮ್ಮ ಮಣ್ಣು ತಾನೇ ಒದ್ದೆಯಿರುತ್ತದೆ, ಆದರೆ ಅರ್ಥ್‌ನ ರೋಧವನ್ನು ಅಳೆಯಬೇಕಾದದ್ದು ಏಪ್ರಿಲ್‌ನ ಒಣ ನೆಲದಲ್ಲಿ. ಅರಸೀಕೆರೆ, ಚನ್ನರಾಯಪಟ್ಟಣದಂಥ ಬಯಲುಸೀಮೆಯಲ್ಲಿ ಒಂದು ಗುಂಡಿ ಸಾಲದೆ ಎರಡನ್ನು ಜೋಡಿಸಬೇಕಾಗಬಹುದು. ಮೂರು ಫೇಸ್ ಯಂತ್ರಕ್ಕಾದರೆ ಮೈಗೆ ಎರಡು, ನ್ಯೂಟ್ರಲ್‌ಗೆ ಎರಡು ಎಂದು ನಾಲ್ಕು ಸಂಪರ್ಕ ಕೊಡುವುದು ಕ್ರಮ.

ಇಲ್ಲಿ ಅನೇಕ ಎಲೆಕ್ಟ್ರಿಷಿಯನ್‌ಗಳೂ ಗಮನಿಸದ ಒಂದು ಸಂಗತಿಯಿದೆ. ಹಲವು ಪೋರ್ಟಬಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಭೂಮಿಗೆ ಸೇರಿರುವುದಿಲ್ಲ. ಹಾಗಿದ್ದಾಗ ಯಾರಿಗಾದರೂ ಶಾಕ್ ಹೊಡೆಯುವಂಥ ಸೋರಿಕೆಯಾದರೂ ಆ ಕರೆಂಟ್ ಭೂಮಿಯ ಮೂಲಕ ಯಂತ್ರಕ್ಕೆ ಮರಳುವ ದಾರಿ ಇಲ್ಲ, ಆದ್ದರಿಂದ ಸೋರಿಕೆ ಕಂಡೊಡನೆ ಕರೆಂಟ್ ಕಡಿಯಬೇಕಾದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೀಳುವುದೇ ಇಲ್ಲ. ಕಾಯಂ ಅಳವಡಿಕೆಯಲ್ಲಿ, ಕೈಪಿಡಿ ಒಪ್ಪುವುದಾದರೆ, ಜನರೇಟರಿನ ಬಳಿಯೇ ನ್ಯೂಟ್ರಲನ್ನು ಅರ್ಥ್‌ಗೆ ಜೋಡಿಸಿ, ಜನರೇಟರ್ ಓಡುತ್ತಿರುವಾಗಲೇ ಪರೀಕ್ಷಾ ಉಪಕರಣದಿಂದ ಆರ್‌ಸಿಸಿಬಿ ಬೀಳುತ್ತದೆಯೇ ಎಂದು ನೋಡಿಸಬೇಕು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಅದರ ಯಂತ್ರಭಾಗ ಸರಿಯಿದೆಯೆಂದಷ್ಟೇ ತಿಳಿಯುತ್ತದೆ.

5 ಕೆವಿಎ ಸಿಂಗಲ್ ಫೇಸ್ ಯಂತ್ರದಿಂದ ಸುಮಾರು 22 ಆಂಪಿಯರ್ ಬರುತ್ತದೆ. ಯಂತ್ರದಿಂದ ಮನೆಗೆ 30 ಮೀಟರ್ ಇದ್ದರೆ 2.5 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ ಸುಮಾರು 9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 6 ಚದರ ಮಿ.ಮೀ.ನಲ್ಲಿ 4 ವೋಲ್ಟ್ ಮಾತ್ರ. ಪಂಪ್ ಚಾಲೂ ಆಗುವಾಗ ಈ ನಷ್ಟ ಹಲವು ಪಟ್ಟಾಗುವುದರಿಂದ ದಪ್ಪ ಕೇಬಲ್ಲೇ ಬೇಕು. ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲನ್ನು ಮುಕ್ಕಾಲು ಮೀಟರ್ ಆಳದಲ್ಲಿ ಹೂತು, ಮೇಲೆ ಇಟ್ಟಿಗೆ ಮುಚ್ಚಿದರೆ ಗುದ್ದಲಿಗೂ ಹೆಗ್ಗಣಕ್ಕೂ ಸಿಗುವುದಿಲ್ಲ. ಜನರೇಟರಿನ ಬಳಿ ಅದರ ಸಾಮರ್ಥ್ಯಕ್ಕೆ ತಕ್ಕ, ಹೊರೆ ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಇರಲಿ.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಜನರೇಟರ್ ಅಳವಡಿಸಿರುವ ಬಗ್ಗೆ ನಿಮ್ಮ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಲಿಖಿತವಾಗಿ ತಿಳಿಸಿ. ದೊಡ್ಡ ಯಂತ್ರವಾದರೆ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಅಲ್ಲಿ ಕೇಳಿಕೊಳ್ಳಿ.

ಇನ್ವರ್ಟರ್ ಮತ್ತು ಸೋಲಾರ್ ಇದ್ದರೆ

ರಾತ್ರಿಯಿಡೀ ಜನರೇಟರ್ ಓಡಿಸುವುದು ಬೇಡ. ರಾತ್ರಿಯ ದೀಪ, ಫ್ಯಾನ್‌ಗಳಿಗೆ ಇನ್ವರ್ಟರ್, ಬೆಳಿಗ್ಗೆ ಸಂಜೆ ಕೆಲವು ಗಂಟೆ ನೀರು, ಫ್ರಿಜ್, ಮಿಕ್ಸಿಗಳಿಗೆ ಜನರೇಟರ್ ಎಂಬ ಹಂಚಿಕೆ ಚೆನ್ನಾಗಿ ನಡೆಯುತ್ತದೆ. ಆದರೆ 150 ಆಂಪಿಯರ್ ಅವರ್ ಬ್ಯಾಟರಿ ಪೂರ್ತಿ ತುಂಬಲು ಹತ್ತು ಗಂಟೆಗೂ ಹೆಚ್ಚು ಬೇಕು, ಎರಡು ಗಂಟೆಯ ಓಟದಲ್ಲಿ ಅದರ ಒಂದು ಪಾಲಷ್ಟೇ ಮರಳುತ್ತದೆ. ಜನರೇಟರಿನ ಕರೆಂಟನ್ನು ಇನ್ವರ್ಟರ್ ಒಪ್ಪದೆ ಬ್ಯಾಟರಿಯ ಮೇಲೆಯೇ ನಿಂತರೆ, ಅದರ ಹಿಂಬದಿಯ ಗುಂಡಿಯನ್ನು ಯುಪಿಎಸ್ ಸ್ಥಾನದಿಂದ ಸಾಮಾನ್ಯ ಸ್ಥಾನಕ್ಕೆ ಬದಲಿಸಿ ನೋಡಬೇಕು. ಅಲ್ಲಿ ವೋಲ್ಟೇಜಿನ ಏರಿಳಿತಕ್ಕೆ ಹೆಚ್ಚು ಅವಕಾಶವಿದೆ. ಗ್ರಿಡ್‌ಗೆ ಜೋಡಿಸಿದ ಚಾವಣಿ ಸೋಲಾರ್ ಇದ್ದರೆ ಅದು ಚೇಂಜ್‌ಓವರ್‌ನ ಲೈನ್ ಬದಿಯಲ್ಲೇ ಇರಬೇಕು. ಜನರೇಟರ್ ಬದಿಗೆ ಸೇರಿದರೆ ಅದು ಜನರೇಟರನ್ನೇ ಗ್ರಿಡ್ ಎಂದು ತಿಳಿದು ಅದಕ್ಕೆ ಕರೆಂಟ್ ನೂಕುತ್ತದೆ.

ಓಡಿಸುವ ಕ್ರಮ ಮತ್ತು ಆರೈಕೆ

ಮೊದಲ ದಿನವೇ ಮಾರಾಟಗಾರನ ಎದುರಿನಲ್ಲಿ ನಿಜವಾದ ಹೊರೆ ಹಾಕಿ, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ 230ರ ಸಮೀಪ, ಫ್ರೀಕ್ವೆನ್ಸಿ 50ರ ಸಮೀಪ ನಿಲ್ಲುತ್ತದೆಯೇ ಎಂದು ನೋಡಬೇಕು. ಪ್ರತಿ ಸಲವೂ ಸ್ವಿಚ್ ಆಫ್ ಸ್ಥಾನದಲ್ಲಿರುವಾಗಲೇ ಯಂತ್ರ ಚಾಲೂ ಮಾಡಿ, ಎರಡು ಮೂರು ನಿಮಿಷ ಬಿಸಿಯಾಗಲು ಬಿಟ್ಟು, ಬಳಿಕ ಜನರೇಟರ್ ಬದಿಗೆ ತಿರುಗಿಸಿ, ಮೊದಲು ಪಂಪ್, ಅದು ಓಟ ಹಿಡಿದ ಮೇಲೆ ಫ್ರಿಜ್, ಆಮೇಲೆ ಉಳಿದವನ್ನು ಒಂದೊಂದಾಗಿ ಹಾಕಬೇಕು. ನಿಲ್ಲಿಸುವಾಗ ಹೊರೆ ತೆಗೆದು ಎರಡು ನಿಮಿಷ ಖಾಲಿ ಓಡಿಸಿ ನಿಲ್ಲಿಸಬೇಕು. ಲೈನ್ ಬಂದದ್ದು ತಿಳಿಯಲು ಚೇಂಜ್‌ಓವರ್‌ನ ಲೈನ್ ಬದಿಯಲ್ಲಿ ಒಂದು ಸೂಚಕ ದೀಪವಿರಲಿ. ಬಂದ ಕೂಡಲೇ ತಿರುಗಿಸದೆ ಹತ್ತು ನಿಮಿಷ ಕಾಯುವುದು ಒಳ್ಳೆಯದು, ದೊಡ್ಡ ಕಡಿತದ ಬಳಿಕ ವೋಲ್ಟೇಜ್ ಏರಿಳಿದು ಮತ್ತೆ ಹೋಗುವುದು ಸಾಮಾನ್ಯ. ಈ ಕ್ರಮವನ್ನು ಕನ್ನಡದಲ್ಲಿ ಬರೆದು ಸ್ವಿಚ್ ಪಕ್ಕ ಅಂಟಿಸಿದರೆ ಮನೆಯ ಯಾರು ಬೇಕಾದರೂ ಓಡಿಸಬಹುದು. ಓಡುತ್ತಿರುವ ಅಥವಾ ಬಿಸಿಯಿರುವ ಯಂತ್ರಕ್ಕೆ ಪೆಟ್ರೋಲ್ ಸುರಿಯಬಾರದು.

ಹೊಸ ಪೆಟ್ರೋಲ್ ಎಂಜಿನ್ನಿನ ಮೊದಲ ಆಯಿಲ್ ಬದಲಾವಣೆ ಸುಮಾರು 20 ಗಂಟೆಗೆ, ಬಳಿಕ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ, ಡೀಸೆಲ್‌ಗೆ ಅದರ ಕೈಪಿಡಿಯನ್ನು ಅನುಸರಿಸಬೇಕು. ಬಳಸಲಿ, ಬಿಡಲಿ, ತಿಂಗಳಿಗೊಮ್ಮೆ ಅರ್ಧದಷ್ಟು ಹೊರೆ ಹಾಕಿ 20 ನಿಮಿಷ ಓಡಿಸಬೇಕು. ಮೇ ತಿಂಗಳಲ್ಲಿ ಪೂರ್ಣ ಸರ್ವಿಸ್ ಮಾಡಿಸುವಾಗ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಸೆಲ್ಫ್ ಸ್ಟಾರ್ಟ್ ಬ್ಯಾಟರಿಯ ಜೊತೆಗೆ ಪೆಟ್ಟಿಗೆಯೊಳಗೆ ಇಲಿ ಗೂಡು ಕಟ್ಟಿದೆಯೇ, ವೈರ್ ಕಡಿದಿದೆಯೇ ಎಂದೂ ನೋಡಿಸಬೇಕು. ದೀಪಾವಳಿ ಕಳೆದು ಬಳಕೆ ನಿಂತ ಮೇಲೆ ಪೆಟ್ರೋಲ್ ಯಂತ್ರದ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು. ಅಲ್ಲಿಂದ ಮುಂದೆ ತಿಂಗಳ ಓಟಕ್ಕೆ ಒಂದು ಲೀಟರ್ ಹೊಸ ಪೆಟ್ರೋಲ್ ಹಾಕಿ, ಓಡಿಸಿ, ಮತ್ತೆ ಖಾಲಿ ಮಾಡಿದರೆ ಸಾಕು.